ಮುಚ್ಚಿದ ಬಾಗಿಲಾಚೆಯ ಮಾತು

ಟಾಲಿಗಂಜ್ ನಿಲ್ದಾಣದಲ್ಲಿ ಮೆಟ್ರೋ ಬಾಗಿಲು ಮುಚ್ಚಿದ ಮೇಲೂ ಮಾತು ಮುಂದುವರಿಸಬಲ್ಲವರು ಕಿವುಡರು ಮಾತ್ರ. ನಾವಾದರೆ ಗಾಜಿನ ಈಚೆ ಮೀನಿನಂತೆ ಬಾಯಿ ತೆರೆದು ಮುಚ್ಚಿ, ಕೊನೆಗೆ ಫೋನ್ ಮಾಡುತ್ತೇನೆಂದು ಕಿವಿಯ ಬಳಿ ಬೆರಳಿಟ್ಟು ತೋರಿಸುತ್ತೇವೆ. ಅವರು ರೈಲು ಕದಲುವವರೆಗೂ ಪೂರ್ಣ ವಾಕ್ಯಗಳಲ್ಲಿ ಹರಟುತ್ತಾರೆ. ಪ್ರತಿ ಭಾನುವಾರ ನನ್ನ ತಂಗಿ ವಸುಧಾ ಕಿವುಡರ ಕ್ಲಬ್ಬಿಗೆ ಹೊರಟಾಗ ಈ ದೃಶ್ಯಕ್ಕೆ ನಾನು ಪ್ರೇಕ್ಷಕ.

ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಪರರ ವಾಕ್ಯಗಳನ್ನು ತಿದ್ದಿದ ನನಗೆ ಸನ್ನೆಗೂ ವ್ಯಾಕರಣವಿದೆಯೆಂದು ತಿಳಿದದ್ದು ಕಳೆದ ವರ್ಷ, ಭಾರತದ ಮತ್ತು ಅಮೆರಿಕದ ಸನ್ನೆಭಾಷೆಗಳನ್ನು ಹೋಲಿಸುವ ಲೇಖನವೊಂದು ಮೇಜಿಗೆ ಬಂದಾಗ. ಅಮೆರಿಕದವರು ಅಕ್ಷರಗಳನ್ನು ಒಂದೇ ಕೈಯಲ್ಲಿ ಮೂಡಿಸಿದರೆ ನಮ್ಮವರಿಗೆ ಎರಡೂ ಕೈ ಬೇಕು. ನಮ್ಮಲ್ಲಿ ಪ್ರಶ್ನೆಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ. ಹುಬ್ಬಿನ ಚಲನೆ ಇಬ್ಬರಿಗೂ ವ್ಯಾಕರಣವೇ. ಪರಿಶೀಲಿಸದೆ ಅಲ್ಪವಿರಾಮವನ್ನೂ ಅಚ್ಚಿಗೆ ಬಿಡದ ರೋಗ ನನ್ನದು. ಸಂಜೆಯ ತರಗತಿಗೆ ಸೇರಿ ನಮ್ಮ ಸನ್ನೆಭಾಷೆಯನ್ನು ಕಲಿತೇಬಿಟ್ಟೆ.

ನಮ್ಮ ಮನೆಯಲ್ಲಿ ಮತ್ತೊಂದು ಸನ್ನೆಭಾಷೆಯಿತ್ತು. ಬ್ಯಾಂಕಿನ ವರ್ಗಾವಣೆಯಿಂದ ಅಪ್ಪ ಉಡುಪಿ ಬಿಟ್ಟು ಬಂಗಾಳಕ್ಕೆ ಬಂದ ಮೇಲೆ ವಸುಧಾಳಿಗಾಗಿ ನಾವೇ ಕಟ್ಟಿದ್ದು. ಹೆಗಲಿಗೆ ಚೀಲ ಏರಿಸಿದರೆ ಅಪ್ಪ. ಕಿವಿಯ ಹಿಂದೆ ಬೆರಳು ಸಿಕ್ಕಿಸಿದರೆ, ಅಲ್ಲಿ ಪೆನ್ನಿಡುವ ನಾನು. ಮುಷ್ಟಿಯ ಮೇಲೆ ಮುಷ್ಟಿ ತಟ್ಟಿದರೆ ಫಿಲ್ಟರ್ ಕಾಫಿ. ಒಟ್ಟು ಎಂಬತ್ತು ಪದ ಇದ್ದೀತು. ಊಟ, ಸ್ನಾನ, ಔಷಧಿ ಎಲ್ಲ ಇದ್ದವು. ‘ಯಾಕೆ’ ಇರಲಿಲ್ಲ, ‘ಇಷ್ಟ’ ಇರಲಿಲ್ಲ. ನಮಗೆ ಅನುಕೂಲವಾದಷ್ಟನ್ನೇ ಕಟ್ಟಿದ್ದೆವು. ಶಾಲೆಯಲ್ಲಿ ಅವಳು ಬರೆಯಲು ಕಲಿತದ್ದು ಬಂಗಾಳಿಯಲ್ಲಿ. ನಮ್ಮ ಬಂಗಾಳಿ ಓದು ಮಿಠಾಯಿ ಅಂಗಡಿಯ ಫಲಕ ದಾಟಿರಲಿಲ್ಲ.

ಹದಿನೆಂಟು ವರ್ಷದ ಹಿಂದೆ ಅವಳ ಸಹಪಾಠಿ ಸುಬೀರನ ತಂದೆ ನಮ್ಮ ಮನೆಗೆ ಬಂದರು. ಸುಬೀರನೂ ಕಿವುಡ, ಸಿಯಾಲ್ದಾ ಬಳಿ ಮುದ್ರಣಾಲಯದಲ್ಲಿ ಕೆಲಸ. ತಂದೆ ಹಿಂದಿಯಲ್ಲಿ ಮದುವೆಯ ಪ್ರಸ್ತಾಪ ಮಾಡಿ, ಹುಡುಗಿಯನ್ನೇ ಕೇಳಿ ಎಂದರು. ನಾನು ಕೊರಳಿಗೆ ತಾಳಿ ಕಟ್ಟುವಂತೆ ಅಭಿನಯಿಸಿದೆ. ಅವಳು ತಲೆಯಾಡಿಸಿದ್ದರೆ ಸಾಕಿತ್ತು. ಆಡಿಸಲಿಲ್ಲ, ಮೊದಲ ಬಾರಿಗೆ ನಮ್ಮೆದುರು ತನ್ನ ಶಾಲೆಯ ಭಾಷೆಯಲ್ಲಿ, ಎರಡೂ ಕೈಗಳಲ್ಲಿ, ದೀರ್ಘವಾಗಿ ಮಾತಾಡಿದಳು. ನನಗೆ ಒಂದು ಪದವೂ ದಕ್ಕಲಿಲ್ಲ.

“ಎಂತ ಹೇಳೂದು ಅದು?” ಎಂದಳು ಅಮ್ಮ. “ಊರವರದ್ದೆಲ್ಲ ಪೇಪರಿಗೆ ಹಾಕ್ತಿ, ತಂಗಿದು ಗೊತ್ತಾಗೂದಿಲ್ವಾ?”

“ಈಗಲೇ ಬೇಡವಂತೆ,” ಎಂದೆ. ಅದನ್ನೇ ಹಿಂದಿಯಲ್ಲಿ ಅತಿಥಿಗೂ ಒಪ್ಪಿಸಿದೆ.

ಅರ್ಥವಾಗಲಿಲ್ಲ ಎನ್ನಲು ನಾಚಿಕೆ, ಅಷ್ಟೇ ಕಾರಣ. ಯಾರೂ ಆಡದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಕೂರಿಸಿದ ವರದಿಗಾರನೊಬ್ಬನನ್ನು ನಾನೇ ಕೆಲಸದಿಂದ ತೆಗೆಸಿದ್ದೆ. ಸಂಬಂಧ ಮುರಿದ ಮೇಲೆ ಅಲ್ಲಿ ಸುಬೀರನಿಗೆ ಎದುರಾಗುವುದು ಸರಿಯಲ್ಲವೆಂದು ಅಮ್ಮ ಅವಳ ಕ್ಲಬ್ಬನ್ನು ವರ್ಷಕಾಲ ನಿಲ್ಲಿಸಿದಳು. ಅಷ್ಟರಲ್ಲಿ ಸುಬೀರನಿಗೆ ಬೇರೆಡೆ ಮದುವೆಯಾಯಿತು. ಆ ದಿನಗಳಲ್ಲಿ ವಸುಧಾ ಬಾಗಿಲತ್ತ ಬೆರಳು ತೋರಿಸಿ, ಬಂದವರು ಮತ್ತೆ ಬರಲಿಲ್ಲವೇ ಎಂಬಂತೆ ನನ್ನ ಮುಖ ನೋಡುತ್ತಿದ್ದಳು. ನಾನು ಬರಿಯ ಅಂಗೈ ತೋರಿಸುತ್ತಿದ್ದೆ. ಅವಳು ಬೇರೆ ಮದುವೆಗೆ ಒಪ್ಪಲಿಲ್ಲ. ಮುಂದೆ ಕ್ಲಬ್ಬಿಗೆ ಮರಳಿದಾಗ ಅವಳಿಗೆ ನನ್ನ ‘ಬೇಡವಂತೆ’ಯೂ ಸೇರಿ ಎಲ್ಲ ತಿಳಿದಿರಬೇಕು. ನನ್ನನ್ನು ಬಾಗಿಲಿನ ಬಗ್ಗೆ ಮತ್ತೆ ಕೇಳಲಿಲ್ಲ.

ಕಳೆದ ಭಾನುವಾರ ಪ್ಲಾಟ್‌ಫಾರ್ಮಿನಲ್ಲಿ ಅವಳ ಭಾಷೆಯಲ್ಲೇ ಕೇಳಿದೆ: ಸುಬೀರನ ತಂದೆ ಬಂದ ದಿನ ನೀನು ಹೇಳಿದ್ದು ಏನು? ಪ್ರಶ್ನೆಪದ ಕೊನೆಯಲ್ಲಿತ್ತು, ಹುಬ್ಬು ಇರಬೇಕಾದಲ್ಲೇ ಇತ್ತು. ಅವಳು ನನ್ನ ಮುಖ ನೋಡಲಿಲ್ಲ. ತಡವಾಗಿ ತಂದ ಹೋಂವರ್ಕನ್ನು ಮೇಡಂ ನೋಡುವಂತೆ ನನ್ನ ಕೈಗಳನ್ನೇ ನೋಡಿದಳು. ರೈಲು ಬಂತು, ಹತ್ತಿದಳು, ಬಾಗಿಲು ಮುಚ್ಚಿತು.

ಗಾಜಿನಾಚೆಯಿಂದ ಕಿವಿಯ ಹಿಂದೆ ಬೆರಳಿಟ್ಟು, ಮುಷ್ಟಿಯ ಮೇಲೆ ಮುಷ್ಟಿ ತಟ್ಟಿದಳು. ನೀನು, ಕಾಫಿ. ಹೋಗಿ ಕುಡಿ. ನಮ್ಮ ಎಂಬತ್ತು ಪದಗಳಲ್ಲಿ ಎರಡು. ಆಮೇಲೆ ಪಕ್ಕದ ಗೆಳತಿಯತ್ತ ತಿರುಗಿ ಎರಡೂ ಕೈಯೆತ್ತಿ ಮಾತಿಗೆ ತೊಡಗಿದಳು. ಈಗಲಾದರೆ ನನಗೆ ಅರ್ಥವಾಗುತ್ತಿತ್ತು. ಕಂಡದ್ದು ಅವಳ ಬೆನ್ನು. ಬಾಗಿಲು ಮುಚ್ಚಿದ ಮೇಲೂ ಅವರ ಮಾತು ನಿಲ್ಲುವುದಿಲ್ಲ ಎಂದೆನಲ್ಲ, ಅದು ನಿಜ. ಆಡುವವರು ನಮ್ಮ ಕಡೆ ಮುಖ ಮಾಡಿರಬೇಕು, ಅಷ್ಟೆ.