ನಮ್ಮ ಪಾಲಿನ ಗುಂಡು

ಆ ಸಿನಿಮಾದ ಹುಡುಗನ ಕೈ ಶುದ್ಧವಾಗಿ ಉಳಿಯಲಿಲ್ಲ. ಅವನ ಪಾಲಿನ ಗುಂಡನ್ನು ಪಕ್ಕದವನು ಹಾರಿಸಿದ. ನಡೆದದ್ದು ಅಷ್ಟೇ.

ಕಳೆದ ಭಾನುವಾರ ಮಧ್ಯಾಹ್ನ ಇಲ್ಲಿ ದಿಲ್ಲಿಯ ಮನೆಯಲ್ಲಿ ಮೊಮ್ಮಗಳು ಸುರಭಿ ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ ನನ್ನನ್ನು ಎಳೆದು ಕೂರಿಸಿದಳು. ಇಂಗ್ಲಿಷ್ ಸಿನಿಮಾ. ಹಳೆಯ ಕಾಲದ ಯುದ್ಧದ ಹಡಗು. (ನಾನು ಓದಿದ್ದು ನಾಲ್ಕನೇ ಕ್ಲಾಸು. ಮುಖ ನೋಡಿ ಅರ್ಧ ತಿಳಿಯಿತು, ಉಳಿದರ್ಧ ಅವಳು ಹೇಳಿದಳು.)

ಯಾಕೆ ತೋರಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಅವಳಿಗೆ ನೌಕಾಪಡೆಯಲ್ಲಿ ಕೆಲಸ ಸಿಕ್ಕಿದೆ. ಮರುದಿನವೇ ಟ್ರೇನಿಂಗಿಗೆ ಕೇರಳಕ್ಕೆ ಹೊರಡಬೇಕಿತ್ತು. ನಾವು ಜೈನರು. ಕತ್ತಲಾದ ಮೇಲೆ ಉಣ್ಣದವರು, ನೀರನ್ನೂ ಸೋಸಿ ಕುಡಿಯುವವರು. ತೋಪು ಹಾರಿಸುವ ಕೆಲಸ ಈ ಮನೆಗೆ ಬೇಡ ಎಂದಿದ್ದೆ. ಅವಳು ಹಟ ಬಿಡಲಿಲ್ಲ, ನಾನು ಮಾತು ಬಿಟ್ಟೆ. ಹದಿನೈದು ದಿನ. ನೀನು ಹೊರಡುವಾಗ ನಾನು ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತೇನೆ ಎಂದೂ ಹೇಳಿಯಾಗಿತ್ತು.

ಸಿನಿಮಾದ ಹುಡುಗ ಕ್ವೇಕರ್ ಅಂತೆ. ಕ್ರೈಸ್ತರಲ್ಲೇ ಒಂದು ಪಂಗಡ. ಯಾರನ್ನೂ ಕೊಲ್ಲಬಾರದು, ಯುದ್ಧ ಮಾಡಬಾರದು ಎನ್ನುವವರು. ನಮ್ಮ ಪೈಕಿಯೇ ಎನ್ನಿಸಿತು. ಗಾಯಾಳುಗಳನ್ನು ನೋಡಿಕೊಳ್ಳಲು ಹಡಗು ಹತ್ತಿರುತ್ತಾನೆ. ಶತ್ರುಗಳು ಬಂದಾಗ ತೋಪಿನವನು ಸಾಯುತ್ತಾನೆ. ಕ್ಯಾಪ್ಟನ್ ಇವನನ್ನು ಕರೆಯುತ್ತಾನೆ. ಇವನು ಮುಟ್ಟುವುದಿಲ್ಲ. ಆಗ ಅಡುಗೆಯವನು ಸೌಟು ಬಿಸಾಕಿ ತೋಪಿನತ್ತ ಓಡುತ್ತಾನೆ. ಎರಡು ಮಕ್ಕಳ ತಂದೆ. ಅವನೇ ಹಾರಿಸುತ್ತಾನೆ, ಅಲ್ಲೇ ಸಾಯುತ್ತಾನೆ. ಹಡಗು ಉಳಿಯುತ್ತದೆ. ಇವನು ಊರಿಗೆ ಬಂದರೆ ತಾಯಿ ಇವನ ಎರಡೂ ಕೈ ಹಿಡಿದು ಮುತ್ತಿಡುತ್ತಾಳೆ.

"ನೋಡಿದ್ಯಾ ಅಜ್ಜಿ? ಧರ್ಮ ಬಿಡದೇನೇ ಡ್ಯೂಟಿ ಮಾಡಿದ."

"ಹಾಗಾದ್ರೆ ನೀನೂ ಬ್ಯಾಂಡೇಜ್ ಸುತ್ತೋ ಕೆಲಸ ಕೇಳು. ತೋಪಿನ ಹತ್ತಿರ ಹೋಗ್ಬೇಡ." (ಹದಿನೈದು ದಿನದ ಮೌನ ಹೀಗೆ ಮುರಿಯಿತು.)

"ಅಚ್ಛಾ? ಮತ್ತೆ ಗುಂಡು ಯಾರು ಹೊಡೀಬೇಕು?"

"ಯಾರೋ ಹೊಡೀತಾರೆ. ನಮಗ್ಯಾಕೆ?"

ಅವಳು ಜೋರಾಗಿ ನಕ್ಕಳು. "ಹಾಂ, ಜಿರಳೆ ಭಯ್ಯಾ ಥರ! ಅವನು ಔಷಧಿ ಹೊಡೆಯೋವಾಗ ನೀನು ಬಸದಿಗೆ ಹೋಗಿ ಕೂತ್ಕೋತೀಯಲ್ಲ. ವಾಪಸ್ ಬರೋಷ್ಟರಲ್ಲಿ ಎಲ್ಲಾ ಸಾಫ್. ಪಾಪ ಭಯ್ಯಾಂದು, ಪುಣ್ಯ ನಿಂದು."

ಕೆನ್ನೆಗೆ ಏಟು ಬಿದ್ದಂತಾಯಿತು. ಸುಳ್ಳಾಗಿದ್ದರೆ ಬೈಯಬಹುದಿತ್ತು.

"ಇನ್ನೊಂದು ಕೇಳ್ತೀನಿ. ಪಪ್ಪಾನ ಟೇಬಲ್ ಮೇಲೆ ಏನು ಫೈಲ್ ಬರುತ್ತೆ ಅಂತ ಯಾವತ್ತಾದ್ರೂ ಕೇಳಿದ್ದೀಯಾ?"

ನನ್ನ ಮಗ ಪೇಪರ್ ಹಿಡಿದು ಅಲ್ಲೇ ಕೂತಿದ್ದ. "ಸುರಭಿ, ಬಸ್. ಸಾಕು" ಎಂದ.

ಅವನು ಸರ್ಕಾರಿ ಆಫೀಸಿನಲ್ಲಿದ್ದಾನೆ ಎಂಬುದಷ್ಟೇ ನನಗೆ ಗೊತ್ತು. ಚಳಿಗಾಲದಲ್ಲಿ ದಿಲ್ಲಿಯಲ್ಲಿ ಬೇಗ ಕತ್ತಲಾಗುತ್ತದೆ. ಮನೆಗೆ ಬಂದು ಉಣ್ಣಲು ಆಗುವುದಿಲ್ಲ. ಅದಕ್ಕೇ ಎರಡನೇ ಡಬ್ಬಿ ಒಯ್ದು ಸಂಜೆ ಐದಕ್ಕೆ ಅಲ್ಲೇ ಟೇಬಲ್ಲಿನ ಮೇಲೆ ಊಟ ಮುಗಿಸುತ್ತಾನೆ. ಇಪ್ಪತ್ತು ವರ್ಷ ತಪ್ಪಿಸಿಲ್ಲ. ಬಸದಿಯಲ್ಲಿ ಸಿಕ್ಕವರಿಗೆಲ್ಲ ಇದನ್ನು ಹೇಳಿಕೊಂಡು ಮೆರೆದವಳು ನಾನು.

"ಏನು ಫೈಲೋ?"

"ಹಡಗಿನ ತೋಪಿಗೆ ಬೇಕಾದ ಗುಂಡು ತರಿಸೋ ಕಾಗದ ಅಮ್ಮಾ. ನಾನು ನೋಡಿ ಮೇಲಕ್ಕೆ ಕಳಿಸ್ತೀನಿ, ಅಷ್ಟೇ. ಗುಂಡನ್ನ ಕಣ್ಣಲ್ಲೂ ಕಂಡಿಲ್ಲ."

ಕಣ್ಣಲ್ಲಿ ಕಂಡಿಲ್ಲ. ನಾನೂ ಕಂಡಿಲ್ಲ. ಆದರೆ ಲೋಧಿ ಕಾಲೋನಿಯ ಈ ಕ್ವಾರ್ಟರ್ಸು, ನನ್ನ ಕಣ್ಣಿನ ಆಪರೇಷನ್ನು, ನಾನು ಬಸದಿಗೆ ಕೊಡುವ ಅಕ್ಕಿ, ಎಲ್ಲವೂ ಆ ಟೇಬಲ್ಲಿನಿಂದ ಬಂದದ್ದು. ಮಗ ಗುಂಡು ತರಿಸಿದರೆ ಅಹಿಂಸೆ, ಮೊಮ್ಮಗಳು ಅದನ್ನು ಹಾರಿಸಿದರೆ ಹಿಂಸೆ. ಎಂಥ ಲೆಕ್ಕ ಇದು?

ಯುದ್ಧ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಕೊಲ್ಲುವುದು ನಿನ್ನೆಯೂ ಪಾಪ, ಇವತ್ತೂ ಪಾಪ. ಈ ಹುಡುಗಿ ಮುಂದೆ ಯಾವ ತಾಯಿಯ ಮಗನ ಮೇಲೆ ಗುರಿ ಇಡುತ್ತಾಳೋ, ಇವಳ ಮೇಲೆ ಯಾರು ಇಡುತ್ತಾರೋ, ನೆನೆದರೆ ಅನ್ನ ಇಳಿಯುವುದಿಲ್ಲ. ಕ್ವೇಕರರಲ್ಲಿ ಕೆಲವರು ಯುದ್ಧಕ್ಕೆ ಬರಲ್ಲ ಅಂತ ಜೈಲಿಗೇ ಹೋದರಂತೆ, ಸುರಭಿ ಹೇಳಿದಳು. ಅವರಿಗೆ ನನ್ನ ನಮಸ್ಕಾರ. ಬೇಡ ಎಂದರು, ಅದರ ಕಷ್ಟವನ್ನೂ ತಾವೇ ಉಂಡರು.

ನಾನು ಯಾವ ಜೈಲಿಗೆ ಹೋದೆ? ಬೇಡ ಎಂದವಳು ನಾನು, ಆ ಹದಿನೈದು ದಿನ ಅತ್ತವಳು ಅವಳು.

ನೀವು ಬಲಗೈ ಎತ್ತಿ ಹೇಳಿ: ನಿಮ್ಮ ಮನೆಯ ಶುದ್ಧಿ ಯಾರ ಹೆಗಲ ಮೇಲೆ ನಿಂತಿದೆ? ಗಟಾರಕ್ಕೆ ಇಳಿಯುವವನು ಯಾರು? ಗಡಿಯಲ್ಲಿ ನಿಂತವನು ಯಾರ ಮಗ? ನಿಮ್ಮವನಂತೂ ಅಲ್ಲ. ನಮ್ಮವನೂ ಇರಲಿಲ್ಲ, ಇಲ್ಲಿಯತನಕ.

ಮರುದಿನ ಬೆಳಿಗ್ಗೆ ನಾನು ಬಾಗಿಲು ಹಾಕಿಕೊಳ್ಳಲಿಲ್ಲ. ಆಶೀರ್ವಾದವೂ ಬಾಯಿಗೆ ಬರಲಿಲ್ಲ, ಬಂದಿತ್ತು ಎಂದರೆ ಸುಳ್ಳಾಗುತ್ತದೆ. ನಮ್ಮದು ಎರಡನೇ ಮಹಡಿ, ಲಿಫ್ಟಿಲ್ಲ. ಅವಳ ಕಬ್ಬಿಣದ ಟ್ರಂಕ್ ಇಳಿಸಲು ಮಗ ಕೆಳಗಿನ ಚೌಕೀದಾರನನ್ನು ಕೂಗಲು ಹೊರಟ.

"ಯಾರನ್ನೂ ಕರೀಬೇಡ" ಎಂದೆ. ಟ್ರಂಕಿನ ಒಂದು ಹಿಡಿಕೆ ಸುರಭಿ ಹಿಡಿದಳು, ಇನ್ನೊಂದು ನಾನು.