ಮೊದಲ ಲೋಟ

ಕುದಿಸಿದ ನೀರಿನ ಫ್ಲಾಸ್ಕನ್ನು ನಾನು ಮದುವೆಮನೆಗೂ ಒಯ್ಯುತ್ತೇನೆ. ಮೊನ್ನೆ ಮದ್ದೂರಿನ ಹೋಟೆಲಿನಲ್ಲಿ ಅದರ ಮುಚ್ಚಳ ತಿರುಗಿಸುವಾಗ, ಲೋಟ ತಂದಿಟ್ಟ ಸಪ್ಲೈಯರ್, "ಯಾಕ್ ಸಾ, ನಮ್ ನೀರ್ ಕುಡುದ್ರೆ ಸತ್ತೋಗ್ಬುಡ್ತೀರಾ?" ಎಂದ. ಪಕ್ಕದವರು ನಕ್ಕರು, ನಾನೂ ನಕ್ಕೆ. ಮೇಷ್ಟ್ರಿಗೆ ಆರೋಗ್ಯದ ಕಾಳಜಿ ಜಾಸ್ತಿ ಎಂದು ಎಲ್ಲರೂ ತಿಳಿದಿದ್ದಾರೆ. ನಾನು ಯಾರನ್ನೂ ತಿದ್ದಲು ಹೋಗಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದು ಬೇಡ, ಹೇಳಿಬಿಡುತ್ತೇನೆ.

ಹನ್ನೆರಡು ವರ್ಷದ ಹಿಂದೆ ಆತಗೂರಿನ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಕನ್ನಡ ಮೇಷ್ಟ್ರು ಅಂದಮೇಲೆ ಊರಿನ ಸಕಲ ಸಮಾರಂಭಗಳ ಮೈಕೂ ಅವನದೇ. ನನಗೂ ಅದರ ಚಪಲ ಇತ್ತು ಅನ್ನಿ. ವಿಜ್ಞಾನದ ಮಂಗಳಾ ಮೇಡಂ ತದ್ವಿರುದ್ಧ. ಮಳವಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ ಅವರು ಮೈಕು ಕಂಡರೆ ಹಿಂದಿನ ಸಾಲಿಗೆ ಹೋಗಿ ಕೂರುವವರು. ಪಾಠವನ್ನು ಮಾತ್ರ ಮಕ್ಕಳ ಕೈಯಲ್ಲೇ ಮಾಡಿಸಬೇಕು ಎನ್ನುವ ಹಟ.

ಆ ವರ್ಷ ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಚುನಾವಣೆ ಹತ್ತಿರವಿತ್ತು. ಇವತ್ತೋ ನಾಳೆಯೋ ನೀತಿ ಸಂಹಿತೆ ಜಾರಿಯಾಗುತ್ತದೆ, ಅಷ್ಟರೊಳಗೆ ಕ್ಷೇತ್ರದ ನಾಯಕರು ಟೇಪು ಕತ್ತರಿಸಬೇಕು. ಹಾಗಾಗಿ ಎಲ್ಲವೂ ತರಾತುರಿ. ಸೋಮವಾರ ಉದ್ಘಾಟನೆ, ನಾಯಕರ ಕೈಯಿಂದ ಶಾಲೆಯ ಮಗುವೊಂದಕ್ಕೆ ಮೊದಲ ಲೋಟ ನೀರು. ಎಂಟನೇ ತರಗತಿಯ ಸೌಮ್ಯಳನ್ನು ಆರಿಸಿದವನು ನಾನೇ. ಭಾಷಣ ಸ್ಪರ್ಧೆಯಲ್ಲಿ ಅವಳಿಗೆ ಬಹುಮಾನ ಬಂದಿತ್ತು. ಆ ಭಾಷಣ ಬರೆದುಕೊಟ್ಟವನೂ ನಾನೇ. ಅದರಲ್ಲಿ 'ಜೀವಜಲ' ಎಂಬ ಮಾತು ಐದು ಸಲ ಬರುತ್ತಿತ್ತು.

ಅದರ ಹಿಂದಿನ ಶನಿವಾರ ಮಂಗಳಾ ಮೇಡಂ ಮಕ್ಕಳಿಗೆ ನೀರು ಪರೀಕ್ಷೆ ಮಾಡುವ ಸಣ್ಣ ಬಾಟಲಿಗಳನ್ನು ಕೊಟ್ಟಿದ್ದರು. ನೀರು ತುಂಬಿ ಎರಡು ದಿನ ಬೆಚ್ಚಗೆ ಇಟ್ಟರೆ, ಕೊಳಕು ಸೇರಿದ ನೀರು ಕಪ್ಪಾಗುತ್ತದೆ. ಬೋರ್‌ವೆಲ್ಲಿನದು, ಟ್ಯಾಂಕಿನದು, ಪ್ರಾಯೋಗಿಕವಾಗಿ ಓಡಿಸುತ್ತಿದ್ದ ಹೊಸ ಘಟಕದ್ದು, ಹೀಗೆ ಬೇರೆ ಬೇರೆ ಕಡೆಯ ನೀರು. ಸೋಮವಾರ ಬೆಳಿಗ್ಗೆ ನೋಡಿದರೆ ಘಟಕದ ಬಾಟಲಿ ಮಸಿಯಂತೆ ಕಪ್ಪಗಾಗಿತ್ತು. ಮುಚ್ಚಳ ಸಡಿಲಿಸಿದರೆ ಕೊಳೆತ ಮೊಟ್ಟೆಯ ವಾಸನೆ. ಅದರ ಚೀಟಿಯ ಮೇಲೆ ದುಂಡಗೆ ಬರೆದಿತ್ತು: ಸೌಮ್ಯ, ಎಂಟನೇ ತರಗತಿ.

"ಸಾರ್, ಮೈಕ್ ಇರೋದು ನಿಮ್ಮ ಕೈಲಿ. ಮಗೀನ ಕರೀಬೇಡಿ, ಅಷ್ಟೇ ಸಾಕು," ಎಂದರು ಮೇಡಂ. ಆಗಲಿ ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಶಾಮಿಯಾನದ ಪಕ್ಕದಲ್ಲಿ ಪಂಚಾಯ್ತಿ ಅಧ್ಯಕ್ಷರಿಗೆ ವಿಷಯ ಮುಟ್ಟಿಸಿದೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಿದರು. "ಮೇಷ್ಟ್ರೇ, ಇವತ್ತು ಟೇಪ್ ಕಟ್ ಆಗ್ಲಿಲ್ಲ ಅಂದ್ರೆ ಎಲೆಕ್ಸನ್ ಮುಗಿಯೋಗಂಟ ಬೀಗ್ವೇಯಾ. ಒಂದ್ ಲೋಟ ನೀರ್ಗೆ ಯಾರೂ ಸಾಯಕಿಲ್ಲ, ಸುಮ್ಕೆ ಎಸ್ರು ಕೂಗಿ. ಅಂದಂಗೆ, ನಿಮ್ ವರ್ಗಾವಣೆ ಅರ್ಜಿ ಇವತ್ತು ಬತ್ತಿರೋ ಸಾಯೇಬ್ರ ಕೈಲೇ ಅದೆ."

ಮಂಡ್ಯದ ಹತ್ತಿರಕ್ಕೆ ವರ್ಗ ಕೇಳಿ ಮೂರು ವರ್ಷವಾಗಿತ್ತು. ದಿನವೂ ನಾಲ್ಕು ಗಂಟೆ ಬಸ್ಸಿನಲ್ಲಿ ಹೋಗುತ್ತಿತ್ತು. ಇದನ್ನು ನೆಪ ಎಂದು ನೀವು ಅಂದರೆ ಒಪ್ಪುತ್ತೇನೆ.

ಟೇಪು ಕತ್ತರಿಸಿದ್ದಾಯಿತು. ಸ್ಟೀಲ್ ಲೋಟ ತುಂಬಿತು. ಹಿಂದಿನ ಸಾಲಿನಲ್ಲಿ ಮಂಗಳಾ ಮೇಡಂ ನನ್ನನ್ನೇ ನೋಡುತ್ತಿದ್ದರು. ಆದರೂ ಮೈಕಿನಲ್ಲಿ ನನ್ನ ದನಿ ಚೆನ್ನಾಗಿಯೇ ಕೇಳಿತು: "ಈಗ ನಮ್ಮ ಶಾಲೆಯ ಪ್ರತಿಭೆ, ಕುಮಾರಿ ಸೌಮ್ಯ."

ಅವಳು ಬಂದಳು. ಒಂದು ಸಲ ಮೇಡಂ ಕಡೆಗೆ, ಒಂದು ಸಲ ನನ್ನ ಕಡೆಗೆ ನೋಡಿದಳು. ಮೇಡಂ ಕುರ್ಚಿಗಳ ನಡುವೆ ನುಗ್ಗಿ ವೇದಿಕೆ ಹತ್ತುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಜನ ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ಸೌಮ್ಯಳಿಗೆ ವಾಂತಿ ಭೇದಿ. ಮದ್ದೂರಿಗೆ ಕರೆದೊಯ್ದು ಎರಡು ದಿನ ಡ್ರಿಪ್ಸ್ ಹಾಕಿಸಿದರು. ಅಧ್ಯಕ್ಷರು ಸಮಾರಂಭದ ಬೋಂಡದ ಮೇಲೆ ತಪ್ಪು ಹೊರಿಸಿದರು. ಮಂಗಳಾ ಮೇಡಂ ಬಾಟಲಿ ಹಿಡಿದು ತಾಲ್ಲೂಕು ಕಚೇರಿಗೆ ಹೋದರು, ಘಟಕಕ್ಕೆ ಬೀಗ ಬಿತ್ತು, ಚರಂಡಿಯೊಳಗೆ ಹಾದಿದ್ದ ಪೈಪನ್ನು ತೆಗೆಸಿದರು. ಚುನಾವಣೆ ಮುಗಿದ ಮೇಲೆ ಎರಡು ಆದೇಶ ಬಂದವು. ಮೇಡಂಗೆ ಮಳವಳ್ಳಿ ತಾಲ್ಲೂಕಿನ ಕಟ್ಟಕಡೆಯ, ಬಸ್ಸೇ ಹೋಗದ ಹಳ್ಳಿ, ನನಗೆ ಮಂಡ್ಯದ ಪಕ್ಕದ ಯಲಿಯೂರಿನ ಹತ್ತಿರದ ಶಾಲೆ. ಬೀಳ್ಕೊಡುಗೆಯಲ್ಲಿ ಅವರು ನನಗೆ ನಮಸ್ಕಾರ ಮಾತ್ರ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಈಗ ಅದೇ ಯಲಿಯೂರು ಕಡೆಯ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕ. ಹೋದ ವಾರ ಎಲ್‌ಕೆಜಿ ದಾಖಲಾತಿಗೆ ಒಬ್ಬ ತಾಯಿ ಮಗಳನ್ನು ಕರೆತಂದಳು. "ಗುರ್ತು ಸಿಕ್ತಾ ಸಾ? ಸೌಮ್ಯ. ಇದೇ ಊರ್ಗೆ ಕೊಟ್ಟವ್ರೆ ನನ್ನ," ಎಂದು ನಕ್ಕಳು. "ನೀವಿದ್ದೀರಿ ಅಂತ್ಲೇ ಮಗೀನ ಇಲ್ಗೆ ಕರ್ಕಂಬಂದೆ."

ಅರ್ಜಿ ತುಂಬುತ್ತಿದ್ದವಳನ್ನು ಕೇಳದೆ ಇರಲಾಗಲಿಲ್ಲ. "ಅವತ್ತು ಬಾಟ್ಲಿ ಕಪ್ಪಾಗಿದ್ದನ್ನ ನೀನೂ ನೋಡಿದ್ದೆ. ಮತ್ತೆ ಯಾಕಮ್ಮ ಕುಡಿದೆ?"

"ನೀವ್ ಕರುದ್ರಲ್ಲ ಸಾ. ಅಷ್ಟೊತ್ಗೆ ಸರಿ ಮಾಡ್ಸವ್ರೆ ಅನ್ಕಂಡೆ. ಗೊತ್ತಿದ್ದೂ ಗೊತ್ತಿದ್ದೂ ನೀವ್ ಕರೀತಿದ್ರಾ?"

ನಗುತ್ತಲೇ ಹೇಳಿದಳು. ನಾನೂ ನಕ್ಕು ಸುಮ್ಮನಿರಬಹುದಿತ್ತು. ಹನ್ನೆರಡು ವರ್ಷ ಅದನ್ನೇ ಮಾಡಿದ್ದೆ.

"ಗೊತ್ತಿತ್ತು ಕಣಮ್ಮ," ಎಂದೆ.

ಅವಳ ನಗು ನಿಂತಿತು. ಸಹಿ ಹಾಕುವ ಜಾಗದಲ್ಲಿ ಊರಿದ್ದ ಪೆನ್ನನ್ನು ಎತ್ತಿ ಮೇಜಿನ ಮೇಲಿಟ್ಟಳು. ಮಗಳ ಕೈ ಹಿಡಿದುಕೊಂಡು ಎದ್ದಳು.

"ಇವ್ರಪ್ಪನ್ನ ಒಂದ್ ಮಾತ್ ಕೇಳ್ಕಂಡ್ ಬತ್ತೀನಿ ಸಾ," ಎಂದಳು.

ಇನ್ನೂ ಬಂದಿಲ್ಲ.