ಪಿಯುಸಿ ಸಾಕಿತ್ತು

ಟಕ್, ಟಕ್, ಸ್ವಲ್ಪ ತಡೆದು ಮತ್ತೊಂದು ಟಕ್. ಜಯನಗರದ ನಮ್ಮ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ, ಹುಟ್ಟಿದಾಗಿನಿಂದ ಹೈ ಹೀಲ್ಸ್ ಹಾಕದ ಹುಡುಗಿಯೊಬ್ಬಳು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ ಸದ್ದು ಅದು. ಅದು ನಿಂತುಹೋಗಿ ಹತ್ತು ವರ್ಷದ ಮೇಲಾಯಿತು. ಹೋದ ತಿಂಗಳಿಂದ ಮತ್ತೆ ನಮ್ಮ ಮಹಡಿ ಮೆಟ್ಟಿಲ ಮೇಲೆ ಅದೇ ಸದ್ದು ಕೇಳುತ್ತಿದೆ. ಈಗ ಚುರುಕಾಗಿ, ಹಿಂದೆಯೇ ಟ್ರಾಲಿ ಬ್ಯಾಗಿನ ಚಕ್ರದ ಗರಗರದೊಂದಿಗೆ. ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಹುಡುಗಿ ಏರ್ ಹೋಸ್ಟೆಸ್. ಹಾಗನ್ನಬಾರದಂತೆ. "ಕ್ಯಾಬಿನ್ ಕ್ರೂ, ಆಂಟಿ" ಎಂದು ತಿದ್ದಿದಳು. ನನ್ನ ಇಂಗ್ಲಿಷನ್ನು ಯಾರಾದರೂ ತಿದ್ದಿದರೆ ಸುಮ್ಮನಿರುವವಳಲ್ಲ ನಾನು. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದ್ದೇ ಈ ಜನ್ಮಕ್ಕೆ ಸಾಕು. ಆದರೆ ಅವತ್ತು ಮಾತು ಬದಲಿಸಲು ಹೋಗಿ, "ಏನು ಓದಿದೀಯಮ್ಮ?" ಎಂದು ಕೇಳಿಬಿಟ್ಟೆ.

"ಸೆಕೆಂಡ್ ಪಿಯುಸಿ ಆಂಟಿ. ನಮ್ಮಲ್ಲಿ ಅಷ್ಟೇ ಕೇಳಿದ್ದು. ಯಾಕಾಂಟಿ, ಮೊಮ್ಮಗಳಿಗಾ?"

"ಹೂಂ" ಎಂದು ಒಳಗೆ ಬಂದೆ. ನನಗೆ ಮೊಮ್ಮಗಳಿಲ್ಲ. ಅವಳು ಹೇಳಿದ್ದು ಹೊಸ ವಿಷಯವೂ ಅಲ್ಲ.

ರೇಣುಕಾಳ ವಿಷಯ ಹೇಳದೆ ಇದು ನಿಮಗೆ ಅರ್ಥವಾಗುವುದಿಲ್ಲ. ಇಲ್ಲೇ ಪಕ್ಕದ ಸಿದ್ದಾಪುರದ ಹುಡುಗಿ, ನಮ್ಮ ಬ್ಲಾಕಿನ ಅರ್ಧ ಹೆಂಗಸರ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದವಳು. ನಮ್ಮ ಕಾಲದಲ್ಲಿ ಸೆರಗಿನ ಎಳೆಗಳನ್ನು ನಾವೇ ತೊಡೆಯ ಮೇಲಿಟ್ಟು ಹೊಸೆದು ಗಂಟು ಹಾಕುತ್ತಿದ್ದೆವು. ಈಗ ಮಣಿ ಬೇಕು, ಎರಡು ಬಣ್ಣ ಬೇಕು, ಡಿಸೈನಿಗೊಂದು ಹೆಸರು ಬೇಕು. ರೇಣುಕಾ ಸೀರೆ ತಂದುಕೊಟ್ಟರೆ ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಗಂಟು ನೋಡುತ್ತಿದ್ದೆ. ಒಂದು ದಿನವೂ ತಪ್ಪು ಸಿಗಲಿಲ್ಲ, ಅದೂ ನನಗೊಂದು ಬೇಜಾರೇ.

ಒಮ್ಮೆ ಸೀರೆಯ ಜೊತೆಗೆ ಪೇಪರಿನ ಕಟಿಂಗ್ ಒಂದನ್ನೂ ತಂದಳು. ಏರ್‌ಲೈನಿನ ಜಾಹೀರಾತು. ನಮ್ಮ ಬೀದಿಯಲ್ಲಿ ಇಂಗ್ಲಿಷಿನ ಅರ್ಜಿ, ನೋಟಿಸು, ಆಸ್ಪತ್ರೆಯ ರಿಪೋರ್ಟು ಏನು ಬಂದರೂ ಮೊದಲು ನನ್ನ ಮುಂದೆ ಬರಬೇಕು. ಅದೊಂದು ಪದ್ಧತಿಯೇ ಆಗಿತ್ತು. ನಾನು ಓದಿ, ತಲೆಯಾಡಿಸಿ, ಹೀಗೆ ಎಂದರೆ ಅದು ಹಾಗೆಯೇ.

"ಆಂಟಿ, ನಾನು ಹೋಗಬಹುದಾ? ಪಿಯುಸಿ ಪಾಸಾಗಿದೆ. ಎತ್ತರಾನೂ ಇದೀನಿ. ಅಮ್ಮ ಅಂತಾಳೆ, ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ಹುಟ್ಟಿದೋಳು ಅಂತ."

ನಾನು ಓದಿದೆ. ಪಿಯುಸಿ ಸಾಕೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅದರ ಕೆಳಗಿನ ಸಾಲಿನಲ್ಲಿ, ವಯಸ್ಸು ಇಪ್ಪತ್ತಾರು ಮೀರಿರಬಾರದು ಎಂದಿತ್ತು. ರೇಣುಕಾಗೆ ಆಗ ಇಪ್ಪತ್ತಮೂರು.

"ಹೀಗೆ ಬರೀತಾರಮ್ಮ" ಎಂದೆ. "ಬರೀ ಪಿಯುಸಿಯವರನ್ನ ಗೇಟಲ್ಲೇ ವಾಪಸ್ ಕಳಿಸ್ತಾರೆ. ಮೊದಲು ಡಿಗ್ರಿ ಮಾಡ್ಕೋ. ಇಂಗ್ಲಿಷ್ ನಾನು ಹೇಳಿಕೊಡ್ತೀನಿ."

ಯಾಕೆ ಹಾಗೆಂದೆ? ಅವಳ ಒಳ್ಳೆಯದಕ್ಕೇ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಈ ವಯಸ್ಸಿನಲ್ಲಿ ಇನ್ನು ಯಾರಿಗೆ ಹೆದರಬೇಕು? ನಾನೂ ಒಂದು ಕಾಲದಲ್ಲಿ ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಬಿ.ಎ. ಫಸ್ಟ್ ಕ್ಲಾಸ್, ತಲೆಯ ಮೇಲೆ ಪುಸ್ತಕವಿಟ್ಟು ಬೀಳಿಸದೆ ನಡೆಯಲು ಕಾನ್ವೆಂಟಿನಲ್ಲೇ ಕಲಿತಿದ್ದವಳು. ಇಂಟರ್‌ವ್ಯೂಗೆಂದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕಪ್ಪು ಹೀಲ್ಸ್ ಕೂಡ ತಂದಿದ್ದೆ. ಅಪ್ಪ ಕಾಗದ ನೋಡಿ, "ಡಿಗ್ರಿ ಓದಿಸಿದ್ದು ಊರೋರ ಎಂಜಲು ತಟ್ಟೆ ಎತ್ತೋದಕ್ಕಾ?" ಎಂದರು. ಅಲ್ಲಿಗೆ ಮುಗಿಯಿತು. ಇನ್ಶೂರೆನ್ಸ್ ಆಫೀಸಿನಲ್ಲಿ ಟೈಪಿಸ್ಟಾದೆ. ನನ್ನ ಬಿ.ಎ.ಗೆ ದಕ್ಕದ ಆಕಾಶ ಕುಚ್ಚು ಕಟ್ಟುವ ಹುಡುಗಿಯ ಪಿಯುಸಿಗೆ ದಕ್ಕುವುದೇ? ಅಷ್ಟೇ, ಅದಕ್ಕಿಂತ ಘನವಾದ ಕಾರಣ ಹುಡುಕಿದರೂ ಸಿಗುವುದಿಲ್ಲ.

ಅವಳು ಕರೆಸ್ಪಾಂಡೆನ್ಸ್ ಬಿ.ಎ.ಗೆ ಸೇರಿದಳು. ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಪಾಠ. ನಾನು ಬೆತ್ತದ ಕುರ್ಚಿಯಲ್ಲಿ ಪ್ಯಾಸೆಂಜರ್ ಆಗಿ ಕೂರುತ್ತಿದ್ದೆ, ಸೀಟ್ ಬೆಲ್ಟಿಗೆ ನಮ್ಮವರ ಹಳೆಯ ಬೆಲ್ಟು. ಅವಳು ನನ್ನ ಆ ಕಪ್ಪು ಹೀಲ್ಸ್ ಹಾಕಿಕೊಂಡು, ಸ್ಟೀಲ್ ತಟ್ಟೆಯಲ್ಲಿ ಲೋಟವಿಟ್ಟುಕೊಂಡು, ಟಕ್ ಟಕ್ ಎಂದು ಬಂದು, "ಟೀ ಆರ್ ಕಾಫಿ, ಮೇಡಂ?" ಎನ್ನುವಳು. ನಾನು ಬೇಕೆಂದೇ ಜಗಳಗಂಟಿ ಪ್ಯಾಸೆಂಜರ್ ಆಗಿ ಕಾಫಿ ತಣ್ಣಗಿದೆ ಎಂದು ರೇಗುವೆ. "ಸಾರಿ ಮೇಡಂ. ವಿಮಾನ ಇಳಿದ ಮೇಲೆ ನಿಮ್ಮನೇಲೇ ಬಿಸಿ ಮಾಡ್ಕೊಳ್ಳಿ" ಎಂದು ಒಂದು ದಿನ ಅಂದಳು, ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆ ಶುಕ್ರವಾರಗಳು ಮುಗಿಯದಿರಲಿ ಎಂದುಕೊಳ್ಳುತ್ತಿದ್ದೆ. ಎಕನಾಮಿಕ್ಸ್ ಪೇಪರ್ ಹೋಗಿ ಸಪ್ಲಿಮೆಂಟರಿ ಕಟ್ಟಬೇಕಾಗಿ ಬಂದಾಗ ಅವಳು ಅತ್ತಳು. ನನಗೆ ಒಳಗೊಳಗೇ ಸಮಾಧಾನವಾಯಿತು. ಬರೆಯುವಾಗ ಕೈ ನಾಚುತ್ತದೆ, ಆದರೂ ಬರೆಯುತ್ತೇನೆ.

ಡಿಗ್ರಿ ಕೈಗೆ ಬರುವಷ್ಟರಲ್ಲಿ ನಾಲ್ಕು ವರ್ಷ. ರೇಣುಕಾಗೆ ಇಪ್ಪತ್ತೇಳು. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು ಅದೇ ಏರ್‌ಲೈನಿನ ಇಂಟರ್‌ವ್ಯೂಗೆ ಹೋದಳು.

ಮೊನ್ನೆ ಮೇಲಿನ ಮನೆಯ ಹುಡುಗಿ ಬ್ಯಾಗ್ ಎಳೆದುಕೊಂಡು ಇಳಿಯುವಾಗ ತಡೆದು ನಿಲ್ಲಿಸಿ, ಮೊಮ್ಮಗಳು ಎಂದದ್ದು ಸುಳ್ಳು ಎಂದು ಹೇಳಿ, ಇದಿಷ್ಟನ್ನೂ ಒಪ್ಪಿಸಿದೆ. ಯಾರಿಗೂ ಹೇಳಿರಲಿಲ್ಲ, ನಮ್ಮವರಿಗೂ. ಕೆಳಗೆ ಕ್ಯಾಬ್ ಕಾಯುತ್ತಿತ್ತು. ಅವಳು ಗಡಿಯಾರ ನೋಡಲಿಲ್ಲ. ಸಮಾಧಾನದ ಮಾತನ್ನೂ ಆಡಲಿಲ್ಲ, ಅದು ಅವಳ ದೊಡ್ಡತನ. "ಅವ್ರು ಆಮೇಲೆ ಸಿಕ್ಕಿದ್ರಾ ಆಂಟಿ?" ಎಂದಷ್ಟೇ ಕೇಳಿದಳು.

ಸಿಕ್ಕಿದ್ದಳು, ಒಂದೇ ಸಲ. ಇಂಟರ್‌ವ್ಯೂ ಆದ ಮರುದಿನ ನನ್ನ ಹೀಲ್ಸನ್ನು ಒರೆಸಿ, ಪೇಪರಿನಲ್ಲಿ ಸುತ್ತಿ ವಾಪಸ್ಸು ತಂದಿದ್ದಳು. ಮೇಲೊಂದು ಡಬ್ಬಿಯಲ್ಲಿ ಮೈಸೂರು ಪಾಕ್.

"ಡೇಟ್ ಆಫ್ ಬರ್ತ್ ನೋಡಿದ ತಕ್ಷಣ ಫೈಲ್ ಮುಚ್ಚಿಬಿಟ್ರು ಆಂಟಿ. ಡಿಗ್ರೀನ ತೆಗೆದು ನೋಡ್ಲೇ ಇಲ್ಲ."

"ಅಯ್ಯೋ, ಮತ್ತೆ ಇದ್ಯಾಕೆ ತಂದೆ?" ಎಂದೆ, ಡಬ್ಬಿ ತೋರಿಸಿ.

"ಡಿಗ್ರಿ ಆಯ್ತಲ್ಲ, ಅದಕ್ಕೆ. ನಮ್ಮನೇಲಿ ನಾನೇ ಮೊದಲು." ಬಾಗಿಲ ಚೌಕಟ್ಟಿನ ಕಡೆ ನೋಡುತ್ತಾ ಅಂದಳು: "ಪಿಯುಸಿ ಸಾಕು ಅಂತ ಪೇಪರಲ್ಲಿ ನಾನೂ ಓದಿದ್ದೆ ಆಂಟಿ. ಕೆಳಗಿನ ಸಾಲೂ ಓದಿದ್ದೆ. ಪೇಪರಿಗಿಂತ ನಿಮಗೆ ಜಾಸ್ತಿ ಗೊತ್ತಿರತ್ತೆ ಅಂದ್ಕೊಂಡೆ."

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ. "ಕೂತ್ಕೋ, ಕಾಫಿ ತರ್ತೀನಿ" ಎಂದು ಅಡುಗೆಮನೆಗೆ ಹೋಗಿ, ಹಾಲು ಉಕ್ಕಿ ಒಲೆಯೆಲ್ಲ ಹರಿಯುವವರೆಗೂ ಅಲ್ಲೇ ನಿಂತಿದ್ದೆ. ಲೋಟ ಹಿಡಿದು ಹೊರಗೆ ಬಂದಾಗ ಅವಳು ಗೇಟು ದಾಟಿ ಬೀದಿಯ ತಿರುವಿನಲ್ಲಿದ್ದಳು. ಹವಾಯಿ ಚಪ್ಪಲಿ ಮೆಟ್ಟಿದ್ದಳು, ಹೋದದ್ದು ನನಗೆ ಕೇಳಿಸಿರಲಿಲ್ಲ. ಬೆನ್ನು ನೆಟ್ಟಗಿತ್ತು, ತಲೆ ಅಲುಗುತ್ತಿರಲಿಲ್ಲ, ನಾನು ಹೇಳಿಕೊಟ್ಟ ಹಾಗೆಯೇ ನಡೆಯುತ್ತಿದ್ದಳು.